ನವಿಲು ತಿಂದ ಗೆರೆ ಮತ್ತೆ ಎಳೆದ ಯಂಕವ್ವ

ಬಂಕಾಪುರದ ಕೋಟೆಗೋಡೆಯ ಆಚೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ನವಿಲುಗಳಿಗೆ ಮಾತ್ರ ಹೇಗೋ ಸುದ್ದಿ ಮುಟ್ಟಿದೆ. ಒಂದು ಗೋಡೆಯ ಮೇಲೆ ನಿಂತು ಕೂಗುತ್ತದೆ, ಇನ್ನೊಂದು ಬೇವಿನ ಮರದಿಂದ ಉತ್ತರ ಕೊಡುತ್ತದೆ, ಮೂರನೆಯದು ಯಾರಿಗೂ ಏನೂ ಹೇಳದೆ ಮೈದಾನಕ್ಕೆ ಇಳಿದು ಗೋಲಿನ ಕಡೆ ನಡೆಯುತ್ತದೆ. ಅದರ ಠೀವಿ ನೋಡಿದರೆ ಪೆನಾಲ್ಟಿ ಹೊಡೆಯಲು ಹೊರಟ ಆಟಗಾರನೇ ಸೈ.

"ಏ, ಏ! ಅತ್ತಾಗಲ್ಲ, ಇತ್ತಾಗ ಬಾ. ನಿನ್ನ ನಾಷ್ಟಾ ಇಲ್ಲೈತಿ."

ಕೂಗಿದವರು ಯಂಕವ್ವ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ತಲೆಗೆ ಹಳೆಯ ಟವೆಲ್ಲು ಸುತ್ತಿ, ಮೈದಾನದ ಪಡುವಣ ಗೋಡೆಯ ಬುಡದಲ್ಲಿ ನಿಂತಿದ್ದಾರೆ. ಕೈಯಲ್ಲಿ ಎಣ್ಣೆಯ ಹಳೆಯ ಡಬ್ಬಿ. ಅದರೊಳಗೆ ಗಿರಣಿಯ ನೆಲದಿಂದ ಗುಡಿಸಿ ತಂದ ಜೋಳದ ಹಿಟ್ಟು, ನಡುನಡುವೆ ನುಚ್ಚು. ಹಿಡಿ ತುಂಬಿ ಬೀರುತ್ತಾರೆ. ನವಿಲು ಗೋಲನ್ನೊಮ್ಮೆ, ಹಿಟ್ಟನ್ನೊಮ್ಮೆ ನೋಡಿ, ಮರ್ಯಾದೆ ಉಳಿಸಿಕೊಳ್ಳಲು ಎರಡು ಹೆಜ್ಜೆ ಸುಮ್ಮನೆ ಅತ್ತ ಇಟ್ಟು, ಆಮೇಲೆ ಇತ್ತ ತಿರುಗುತ್ತದೆ. ಪಕ್ಕದಲ್ಲೇ ಬೂದಿಯನ್ನೂ ಜರಡಿ ಹಿಡಿದ ಮಣ್ಣನ್ನೂ ಕೂಡಿಸಿದ ಮೆತ್ತನೆಯ ಗುಡ್ಡೆಯಿದೆ. ತಿಂದಾದ ಮೇಲೆ ನವಿಲುಗಳು ಅದರಲ್ಲಿ ಹೊರಳಾಡಿ ಮೈ ಕೊಡವಿಕೊಳ್ಳುತ್ತವೆ.

"ಅವ್ಕ ಮೈ ತಿಕ್ಕೋಳಾಕ ಪುಡಿಮಣ್ಣ ಬೇಕ್ರಿ. ಮೊದ್ಲ ಗೋಲಿನ ಬುಡಕ್ಕ ಬಂದು ತೆಗ್ಗ ತೋಡತಿದ್ವು. ಓಡಸಿದ್ರ ಮತ್ತ ಬರೂವು. ಹೊಡ್ಯಾಕ ಬರಂಗಿಲ್ಲ, ಸರ್ಕಾರದ ಪಕ್ಷಿ. ಅದಕ್ಕ ಇಲ್ಲೇ ಒಂದ ಬಚ್ಚಲಾ ಕಟ್ಟಿ ಕೊಟ್ಟೇನಿ," ಎಂದು ಯಂಕವ್ವ ನಗುತ್ತಾರೆ.

ಐವತ್ತೈದು ದಾಟಿರುವ ಯಂಕವ್ವ ಇಲ್ಲಿನ ಕೋಟೆ ಫುಟ್‌ಬಾಲ್ ಸಂಘದ ಮೈದಾನವನ್ನು ನೋಡಿಕೊಳ್ಳುತ್ತಾರೆ. ನೋಡಿಕೊಳ್ಳುವುದೆಂದರೆ ಗುಡಿಸುವುದು, ಗಾಜಿನ ಚೂರು ಆರಿಸುವುದು, ಗುಂಡಿ ಮುಚ್ಚುವುದು, ನೀರು ಚಿಮುಕಿಸುವುದು, ಪಂದ್ಯವಿದ್ದರೆ ಗೆರೆ ಹಾಕುವುದು. ಹೊತ್ತೇರಿದ ಮೇಲೆ ಪೇಟೆಯ ಹಿಟ್ಟಿನ ಗಿರಣಿಯಲ್ಲಿ ಕಸ ಹೊಡೆಯುವ, ಕಾಳು ಹಸನು ಮಾಡುವ ಕೆಲಸ. ಸಂಜೆ ಮತ್ತೆ ಮೈದಾನ. ಮೈದಾನದ ಅಂಚಿಗೆ ಬಂದ ಕೂಡಲೇ ಚಪ್ಪಲಿ ಬಿಡುತ್ತಾರೆ. ಹಾಕಿದ ಗೆರೆಯನ್ನು ತುಳಿಯುವುದಿಲ್ಲ. ಬಾಗಿಲ ಮುಂದಿನ ರಂಗೋಲಿಯನ್ನು ದಾಟುವಂತೆ ಸೀರೆಯ ನೆರಿಗೆ ಎತ್ತಿ ದಾಟುತ್ತಾರೆ. ಆಟ ಮುಗಿದು ತಿಂಗಳಾಗಿ ಗೆರೆ ಮಾಸಿ ಹೋಗಿದ್ದರೂ ಅದೆಲ್ಲಿತ್ತೋ ಅಲ್ಲಿ ಕಾಲು ತಾನಾಗಿ ಮೇಲೇಳುತ್ತದೆ.

ಈ ವರ್ಷ ಸಂಘದ ಪಾಲಿಗೆ ನೆನೆಯುವಂಥದ್ದೇನೂ ಅಲ್ಲ. ಹಾನಗಲ್, ಸವಣೂರು, ಶಿಗ್ಗಾವಿ, ಹಿರೇಕೆರೂರು, ತಡಸ, ಬಂಕಾಪುರ ಎಂದು ಆರು ತಂಡಗಳು ಆಡುವ ಲೀಗಿನ ಪಟ್ಟಿಯಲ್ಲಿ ಕೋಟೆ ಸಂಘದ ಹೆಸರು ಎಲ್ಲಕ್ಕಿಂತ ಕೆಳಗಿದೆ. ಆದರೂ ಊರಿನಲ್ಲಿ ಈಗ ಸಂಘದ ಮಾತು ಬಂದರೆ ಜನ ಎದೆ ಉಬ್ಬಿಸಿಕೊಂಡೇ ಮಾತಾಡುತ್ತಾರೆ. ಯಾಕೆಂದು ತಿಳಿಯಬೇಕಾದರೆ ಪಟ್ಟಿ ನೋಡಿ ಪ್ರಯೋಜನವಿಲ್ಲ. ಪಟ್ಟಿ ಗೋಡೆಗೆ ತೂಗಿಕೊಂಡು ನಿಂತಿರುತ್ತದೆ. ಮೈದಾನ ನೆಲಕ್ಕೆ ಬೆನ್ನು ಕೊಟ್ಟು ಮಲಗಿರುತ್ತದೆ. ಯಂಕವ್ವನ ವ್ಯವಹಾರವೆಲ್ಲ ಮಲಗಿದ್ದರ ಜೊತೆಗೆ.

ಅವರ ತವರು ದುಂಡಸಿ. ತಾಯಿ ನೀಲವ್ವ ಆ ಸೀಮೆಯಲ್ಲಿ ಕಣ ಮಾಡುವುದಕ್ಕೆ ಹೆಸರಾದವರು. ಸುಗ್ಗಿಗೆ ಮುಂಚೆ ಹೊಲದ ಮೂಲೆಯಲ್ಲಿ ಹುಲ್ಲು ಕೆತ್ತಿ, ನೀರು ಹೊಡೆದು, ತುಳಿದು, ರೋಣಗಲ್ಲು ಉರುಳಿಸಿ, ಸಗಣಿಯ ಬಗ್ಗಡದಿಂದ ಸಾರಿಸಿ, ಒಣಗಿದ ಮೇಲೆ ಮತ್ತೆ ಸಾರಿಸಿ ನೆಲವನ್ನು ತಾಟಿನಂತೆ ಮಾಡಬೇಕು. ನಡುವೆ ಮೇಟಿಯ ಕಂಬ. ಅದರ ಸುತ್ತ ಎತ್ತುಗಳು ತಿರುಗಿ ತೆನೆ ತುಳಿಯುತ್ತಿದ್ದವು. "ಅವ್ವ ಒಂದ ಜ್ವಾಳದ ಕಾಳ ಮ್ಯಾಲಿಂದ ಬಿಡತಿದ್ಲು. ಟಣ್ ಅಂದ್ರ ಕಣ ಆತು. ಸಪ್ಪಳ ಬರ್ಲಿಲ್ಲಂದ್ರ ಮತ್ತ ಸಾರ್ಸು. ಕಣದಾಗ ಯಾರೂ ಚಪ್ಪಲಿ ಮೆಟಗೊಂಡ ಬರಂಗಿಲ್ಲ. ಹೊಲದ ಗೌಡ ಬಂದ್ರೂ ಅಷ್ಟ, ಬದುವಿನ ಮ್ಯಾಲ ಬಿಟ್ಟ ಬರಬೇಕು."

ಆಮೇಲೆ ಯಂತ್ರ ಬಂತು. ಒಕ್ಕುವುದು ಹೊಲದಲ್ಲೇ ಮುಗಿಯಿತು, ಕಾಳು ಡಾಂಬರು ರಸ್ತೆಯ ಮೇಲೆ ಒಣಗತೊಡಗಿತು, ಕಣಗಳು ಹುಲ್ಲು ಬೆಳೆದು ಹೊಲಕ್ಕೆ ಸೇರಿಹೋದವು. ತಾಯಿಯಿಂದ ಕಲಿತ ಕೆಲಸವನ್ನು ಎಲ್ಲಿಯೂ ಮಾಡಲಾಗದೆ ಯಂಕವ್ವ ಉಳ್ಳಾಗಡ್ಡಿ ಪೇಟೆಯ ಹಮಾಲ ಉಳಿವೆಪ್ಪನನ್ನು ಮದುವೆಯಾಗಿ ಬಂಕಾಪುರಕ್ಕೆ ಬಂದರು.

ಮೈದಾನಕ್ಕೆ ಬಂದದ್ದು ಸಗಣಿ ಆರಿಸಲು. "ಹುಡುಗೂರು ಬರಿಗಾಲಾಗ ಆಡಾಕತ್ತಿದ್ರು. ಗಾಜ ಬಿದ್ದಿತ್ತು. ಆರಿಸಿದ್ನಿ. ಮರುದಿನ ಮತ್ತ ಬಿದ್ದಿತ್ತು. ಮತ್ತ ಆರಿಸಿದ್ನಿ. ಅಷ್ಟರಿ." ಸಂಘದ ಕಾರ್ಯದರ್ಶಿ ಫಕ್ರುಸಾಬರು ಹೆದ್ದಾರಿಯ ಬದಿಗೆ ಗಾಡಿಗಳ ಸೀಟು ಹೊಲಿಯುವ ಅಂಗಡಿ ಇಟ್ಟಿರುವವರು. ಅವರೂ ಒಂದು ಕಾಲದಲ್ಲಿ ಇದೇ ಮೈದಾನದಲ್ಲಿ ಆಡಿದವರು. ಈ ಹೆಂಗಸು ದಿನಾ ಬೆಳಿಗ್ಗೆ ಬಗ್ಗಿ ಏನು ಹುಡುಕುತ್ತಾಳೆಂದು ಒಂದು ದಿನ ಬಂದು ನೋಡಿದರು. ಅವತ್ತಿನಿಂದ ಅದು ಕೆಲಸವಾಯಿತು. ಹನ್ನೆರಡು ವರ್ಷದ ಹಿಂದಿನ ಮಾತು. ಆಟ ಆಗ ಅರ್ಥವಾಗುತ್ತಿರಲಿಲ್ಲ. "ಗೋಲಾತಂದ್ರ ಯಾರ ಕುಣ್ಯಾಕತ್ತಾರ ನೋಡತಿದ್ನಿ. ಅವ್ರು ನಮ್ಮ ಅಂಗಿಯವ್ರಾಗಿದ್ರ ನಾನೂ ಚಪ್ಪಾಳಿ ಬಡಿತಿದ್ನಿ."

ಈ ವರ್ಷ ನಮ್ಮ ಅಂಗಿಯವರಿಗೆ ಕುಣಿಯುವ ಸಂದರ್ಭ ಬೇಗ ಬರಲಿಲ್ಲ. ದಸರೆಗೆ ಮುಂಚೆ ಸಂಘದ ಅಧ್ಯಕ್ಷರು ಜರ್ಸಿಯ ಬಣ್ಣದ ವಿಷಯಕ್ಕೆ ಜಗಳ ತೆಗೆದು ರಾಜೀನಾಮೆ ಕೊಟ್ಟರು. ಹೋಗುವಾಗ ತಾವೇ ಕೊಡಿಸಿದ್ದ ಗೋಲಿನ ಬಲೆಗಳನ್ನು ಬಿಚ್ಚಿಸಿಕೊಂಡು ಹೋದರು. ಫಕ್ರುಸಾಬರು ಉಳ್ಳಾಗಡ್ಡಿ ಚೀಲದ ಜಾಳಿಗೆಗಳನ್ನು ಕೂಡಿಸಿ ತಮ್ಮ ಯಂತ್ರದಲ್ಲಿ ಹೊಲಿದು ಹೊಸ ಬಲೆ ಮಾಡಿದರು. ಕೆಂಪು ಬಲೆ. ತರಬೇತುದಾರನಿಗೆ ಬೇರೆ ಊರಿನಲ್ಲಿ ನೌಕರಿ ಸಿಕ್ಕಿತು. ಸವಣೂರಿನಲ್ಲಿ ಹುಡುಗರು ಸೋತು ಬಂದರು, ಹಿರೇಕೆರೂರಿನಲ್ಲಿ ಸೋತು ಬಂದರು. ಬರುವಾಗ ಟೆಂಪೋ ಕೆಟ್ಟು ಅರ್ಧ ದಾರಿ ತಳ್ಳಿದರು. ತಡಸದಲ್ಲಿ ತಮ್ಮದೇ ಗೋಲಿಗೆ ತಾವೇ ಚೆಂಡು ಹೊಡೆದು ಸೋತರು.

ಆದರೆ ಊರು ಹೆಚ್ಚು ನಕ್ಕಿದ್ದು ಯಂಕವ್ವನ ತಪ್ಪಿಗೆ.

ಗೆರೆ ಹಾಕುವ ಸುಣ್ಣವೂ ಅಧ್ಯಕ್ಷರ ಕಡೆಯಿಂದಲೇ ಬರುತ್ತಿತ್ತು. ಅವರೊಂದಿಗೆ ಅದೂ ಹೋಯಿತು. ಶಿಗ್ಗಾವಿಯ ವಿರುದ್ಧ ಮನೆಯಂಗಳದ ಮೊದಲ ಪಂದ್ಯ ನಾಳೆ ಎನ್ನುವಾಗ ಕೈಯಲ್ಲಿ ಸುಣ್ಣವಿಲ್ಲ. ಯಂಕವ್ವ ಗಿರಣಿಯ ಒಡತಿ ಮರಿಯಮಬಿಯ ಮುಂದೆ ಗೋಳು ಹೇಳಿಕೊಂಡರು. ಗಿರಣಿಯ ಮೂಲೆಯಲ್ಲಿ ನೆಲ ಗುಡಿಸಿ ತುಂಬಿದ ಬಿಳಿಜೋಳದ ಹಿಟ್ಟಿನ ಚೀಲಗಳು ಬಿದ್ದಿದ್ದವು, ದನಕ್ಕೆ ಕಲಸಿ ಹಾಕಲು ಇಟ್ಟಿದ್ದವು.

"ಇದೂ ಬೆಳ್ಳಗ ಐತಲ್ಲ ಯಂಕವ್ವಾ," ಎಂದರು ಮರಿಯಮಬಿ.

"ಹೌದಲ್ಲ ಮರಿಯಮಕ್ಕಾ," ಎಂದರು ಯಂಕವ್ವ.

ಅವತ್ತಿನ ಸಂಜೆ ಎಳೆದಂಥ ಗೆರೆಯನ್ನು ಈ ಮೈದಾನ ಅದಕ್ಕೂ ಮುಂಚೆ ಕಂಡಿರಲಿಲ್ಲ. ಸುಣ್ಣ ಗಂಟುಗಂಟಾಗಿ ಬೀಳುತ್ತದೆ; ಹಿಟ್ಟು ಬೆರಳ ಸಂದಿಯಿಂದ ರಂಗೋಲಿಯಂತೆ ಇಳಿಯುತ್ತದೆ. ಫಕ್ರುಸಾಬರು ನಿಂತು ನೋಡಿ, "ಯಂಕವ್ವಾರ, ಈ ಸಲ ಗೆರಿ ಭಾಳ ಚಲೋ ಬಂದಾವ್ರಿ," ಎಂದು ಹೊಗಳಿ ಮನೆಗೆ ಹೋದರು.

ಬೆಳಿಗ್ಗೆ ಬಂದು ನೋಡಿದರೆ ಕೋಟೆಯ ನವಿಲುಗಳೆಲ್ಲ ಮೈದಾನದಲ್ಲಿ. ಗೋಲಿನ ಮುಂದಿನ ಚೌಕಕ್ಕೆ ಹುಡುಗರು 'ಡಿ' ಎನ್ನುತ್ತಾರೆ. ಪೂರ್ವದ ಕಡೆಯ ಡಿಯನ್ನು ಅವು ತಿಂದು ಮುಗಿಸಿ ಪಡುವಣದ ಡಿಗೆ ಕೈ ಹಚ್ಚಿದ್ದವು. ನಡುವಿನ ವರ್ತುಲದ ಅರ್ಧವನ್ನು ಇರುವೆಗಳು ಹೊತ್ತುಕೊಂಡು ಹೋಗುತ್ತಿದ್ದವು. ಉಳಿದ ಹಿಟ್ಟು ಒಂದು ಬದಿಗೂ ಸಾಲಲಿಲ್ಲ. ಶಿಗ್ಗಾವಿಯ ತಂಡ ಬಂದಾಗಿತ್ತು. ಭಾನುವಾರ, ದೊಡ್ಡ ಅಂಗಡಿಗಳೆಲ್ಲ ಮುಚ್ಚಿದ್ದವು. ಸುಣ್ಣ ಹುಡುಕಲು ಬೈಕಿನಲ್ಲಿ ಹೋದ ಫಕ್ರುಸಾಬರು ಎರಡು ಜೇಬಿನ ತುಂಬ ಪಾನ್ ಅಂಗಡಿಯ ಸುಣ್ಣದ ಡಬ್ಬಿಗಳನ್ನು ತುಂಬಿಕೊಂಡು ವಾಪಸು ಬರುವಷ್ಟರಲ್ಲಿ, ಅರ್ಧ ತಾಸು ಕಾದಿದ್ದ ರೆಫರಿ ಮೈದಾನ ಸಿದ್ಧವಿಲ್ಲವೆಂದು ಸೀಟಿ ಊದಿ, ಪಂದ್ಯವನ್ನು ಶಿಗ್ಗಾವಿಗೆ ಬಿಟ್ಟುಕೊಟ್ಟಿದ್ದರು.

ನವಿಲುಗಳು ಡಿ ತಿನ್ನುವ ವೀಡಿಯೋ ಅವತ್ತೇ ಲೀಗಿನ ಊರುಗಳಿರುವ ನಾಲ್ಕೂ ತಾಲೂಕಿನ ಫೋನುಗಳನ್ನು ಸುತ್ತಿತು. ಪೇಟೆಯಲ್ಲಿ ಕಿರಾಣಿ ಅಂಗಡಿಯವನು, "ಯಂಕವ್ವಾ, ಮುಂದಿನ ಸಲ ಹಿಟ್ಟಿನಾಗ ಒಂದ ಚೂರ ಉಪ್ಪು ಹಾಕ. ನವಲ ಸಪ್ಪಗೈತಿ ಅಂದ್ವಂತ," ಎಂದು ಕೂಗಿದ. ಯಂಕವ್ವ ಆಮೇಲೆ ಎಷ್ಟೋ ದಿನ ಪೇಟೆಯ ದಾರಿ ಬಿಟ್ಟು ಕೋಟೆಯ ಕಂದಕದ ಬದಿಯಿಂದ ಮನೆಗೆ ಹೋದರು.

ಅವಮಾನಕ್ಕಿಂತ ದೊಡ್ಡದು ಅದರ ಹಿಂದೆಯೇ ಬಂತು. ಮನೆಯ ಮೈದಾನ ಒಂದೇ ವರ್ಷದಲ್ಲಿ ಎರಡು ಸಲ ಸಿದ್ಧವಿಲ್ಲದಿದ್ದರೆ ಆ ಸಂಘದ ಹೆಸರನ್ನು ಲೀಗಿನಿಂದ ತೆಗೆಯಬೇಕೆಂಬ ನಿಯಮವಿದೆ ಎಂದು ಲೀಗಿನವರು ಫಕ್ರುಸಾಬರಿಗೆ ಫೋನಿನಲ್ಲಿ ನೆನಪಿಸಿದರು. ಬಂಕಾಪುರದಲ್ಲಿ ಉಳಿದಿದ್ದು ಒಂದೇ ಪಂದ್ಯ, ಕಡೆಯದು, ಹಾನಗಲ್ಲಿನ ಮೇಲೆ.

ಯಂಕವ್ವ ಸೀಟಿನ ಅಂಗಡಿಗೆ ಹೋಗಿ ಕೆಲಸ ಬಿಡುತ್ತೇನೆಂದರು.

ಫಕ್ರುಸಾಬರು ಹೊಲಿಗೆ ನಿಲ್ಲಿಸಲಿಲ್ಲ. "ಬಿಟ್ಟ ಹೋದ್ರ ಹಿಟ್ಟ ಹಾಕಿದಾಕಿ ಅಂತನ ಉಳೀತೀರಿ. ಇದ್ದ ಸರಿ ಮಾಡ್ರಿ."

"ಮತ್ತ ತಪ್ಪಾದ್ರ?"

"ಆದ್ರ ಇಬ್ರೂ ಕೂಡಿ ಕಂದಕದ ದಾರಿ ಹಿಡಿಯೂಣು."

ಮುಂದಿನ ತಪ್ಪನ್ನು ಮಾಡಿದ್ದು ಸಂಘ. ಕೈ ಬರಿದಾಗಿತ್ತು. ಸಂಕ್ರಾಂತಿಯ ನಂತರ ಎರಡು ವಾರ ಮೈದಾನವನ್ನು ಒಂದು ಎಕ್ಸಿಬಿಷನ್ನಿಗೆ ಬಾಡಿಗೆಗೆ ಕೊಟ್ಟರು. ಗಿರಗಿರ ತಿರುಗುವ ದೊಡ್ಡ ತೊಟ್ಟಿಲು ಬಂತು, ಬೈಕು ಸುತ್ತುವ ಸಾವಿನ ಬಾವಿ ಬಂತು, ಮಿರ್ಚಿ ಭಜಿಯ ಒಲೆಗಳು ಬಂದವು. ಎಲ್ಲ ಬಿಚ್ಚಿ ಸಾಗಿಸುವ ದಿನ ಕಾಲವಲ್ಲದ ಕಾಲದಲ್ಲಿ ಮಳೆ ಸುರಿಯಿತು. ಹಸಿ ನೆಲದಲ್ಲಿ ಟ್ರ್ಯಾಕ್ಟರುಗಳು ಗುದ್ದಾಡಿದವು. ಮರುದಿನ ನೋಡಿದರೆ ಅದು ಮೈದಾನವಲ್ಲ, ರಂಟೆ ಹೊಡೆದು ಬಿಟ್ಟ ಹೊಲ. ತೊಟ್ಟಿಲಿನ ಕಾಲು ನೆಟ್ಟಿದ್ದ ಗುಂಡಿಯಲ್ಲಿ ನೀರು ನಿಂತು ಅದರಲ್ಲಿ ಆಕಾಶ ಕಾಣುತ್ತಿತ್ತು. ಹಾನಗಲ್ಲಿನ ಪಂದ್ಯಕ್ಕೆ ಉಳಿದಿದ್ದು ಎಂಟು ದಿನ.

ಫಕ್ರುಸಾಬರು ಲೀಗಿಗೆ ಫೋನು ಮಾಡಿ ಪಂದ್ಯವನ್ನು ಹಾನಗಲ್ಲಿಗೇ ಒಯ್ಯಲು ಕೇಳಿದರು. ಹಾಗೆ ಒಯ್ದರೆ ಮೈದಾನ ಎರಡನೇ ಸಲವೂ ಸಿದ್ಧವಿರಲಿಲ್ಲ ಎಂದೇ ಲೆಕ್ಕ ಎಂದರು ಲೀಗಿನವರು. ಸಂಘ ಹೋದರೆ ಮೈದಾನವೂ ಹೋದಂತೆ ಎಂದು ಎಲ್ಲರಿಗೂ ಗೊತ್ತಿತ್ತು. ಆಡುವವರಿಲ್ಲದ ಜಾಗಕ್ಕೆ ಎಕ್ಸಿಬಿಷನ್ನುಗಳು ಸಾಲು ಹಚ್ಚಿ ಬರುತ್ತವೆ.

ತಂಡದ ನಾಯಕನೂ ಗೋಲು ಕಾಯುವ ಗೋಲಿಯೂ ಆಗಿರುವ ಇರ್ಫಾನ ಹಗಲೆಲ್ಲ ಟಂಟಂ ಆಟೋ ಓಡಿಸುವ ಯುವಕ. ಅವನು ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕೂತು ತಲೆಯ ಮೇಲೆ ಕೈ ಇಟ್ಟುಕೊಂಡಿದ್ದ. "ಇನ್ನ ಮುಗೀತ ಬಿಡ ಯವ್ವಾ. ಇದನ್ನ ಮೈದಾನ ಮಾಡೋದು ಯಾರಿಂದ ಆಗ್ತೈತಿ?"

ಯಂಕವ್ವ ಬಗ್ಗಿ ಒಂದು ಹಿಡಿ ಹಸಿಮಣ್ಣು ತೆಗೆದುಕೊಂಡು ಅಂಗೈಯಲ್ಲಿ ಹಿಸುಕಿದರು. ಉಂಡೆಯಾಯಿತು. ಬೆರಳು ಬಿಟ್ಟರೂ ಒಡೆಯಲಿಲ್ಲ. ನಲವತ್ತು ವರ್ಷದ ಹಿಂದೆ ದುಂಡಸಿಯ ಹೊಲದ ಮೂಲೆಯಲ್ಲಿ ತಾಯಿ ಹೀಗೇ ಹಿಸುಕಿ ನೋಡುತ್ತಿದ್ದರು.

"ಮೈದಾನ ಮಾಡಾಕ ನನಗ ಬರಂಗಿಲ್ಲ ತಮ್ಮಾ," ಎಂದರು. "ಕಣ ಮಾಡಾಕ ಬರ್ತೈತಿ."

ಅವತ್ತೇ ಸಂಜೆ ಉಳಿವೆಪ್ಪ ಹೆಂಡತಿಯ ತವರಿಗೆ ಹೋಗಿ ರೋಣಗಲ್ಲು ಹುಡುಕಿದರು. ಕಣವಿಲ್ಲದ ಕಾಲದಲ್ಲಿ ಆ ಉದ್ದನೆಯ ದುಂಡು ಕಲ್ಲು ಯಾರದೋ ಕಟ್ಟೆಯ ಬದಿಗೆ ಮುದುಕರು ಕೂಡುವ ಆಸನವಾಗಿತ್ತು. ಮುದುಕರನ್ನು ಎಬ್ಬಿಸಿ, ಕಲ್ಲನ್ನು ಇರ್ಫಾನನ ಟಂಟಂಗೆ ಏರಿಸಿದಾಗ ಗಾಡಿಯ ಮುಂದಿನ ಗಾಲಿ ನೆಲ ಬಿಟ್ಟು ಮೇಲೆದ್ದಿತು. ಇಬ್ಬರು ಮುಂದೆ ಕೂತು ಗಾಡಿಯನ್ನು ನೆಲಕ್ಕೆ ಒತ್ತಿಕೊಂಡು ಬಂದರು.

ಹುಡುಗರು ಗುಂಡಿಗಳಿಗೆ ಗರಸು ಮಣ್ಣು ತುಂಬಿದರು, ಮೇಲೆ ಎರೆಮಣ್ಣು ಹರಡಿದರು, ನೀರು ಹೊಡೆದರು. ಎಳೆಯಲು ಎತ್ತುಗಳಿಲ್ಲ. ಕಲ್ಲಿಗೆ ಹಗ್ಗ ಕಟ್ಟಿ ಹನ್ನೊಂದು ಜನವೂ ನೊಗಕ್ಕೆ ಬಿದ್ದರು.

"ಯವ್ವಾ, ನಮ್ಮನ್ನ ಎತ್ತ ಮಾಡಿಬಿಟ್ಯಲ್ಲ!" ಎಂದ ಇರ್ಫಾನ ಏದುಸಿರಿನಲ್ಲಿ.

"ಎತ್ತಾಗಿದ್ರ ಇಷ್ಟೊತ್ತಿಗೆ ಮುಗೀತಿತ್ತು. ಎಳಿ, ಎಳಿ."

ಗೋಲಿನ ಮುಂದಿನ ನೆಲವೇ ಎಲ್ಲಕ್ಕಿಂತ ಕೆಟ್ಟಿತ್ತು. ಅಲ್ಲಿಗೆ ಕಣಕ್ಕೆ ಹಾಕುವ ಮದ್ದೇ ಬೇಕೆಂದರು ಯಂಕವ್ವ. ಮರಿಯಮಬಿ ಓಣಿಯ ಹೆಂಗಸರನ್ನು ಕಟ್ಟಿಕೊಂಡು, ಬುಟ್ಟಿಗಳಲ್ಲಿ ಸಗಣಿ ಹೊರಿಸಿಕೊಂಡು ಬಂದರು. "ನನ್ನ ಗಿರಣಿ ಹಿಟ್ಟು ನಿನ್ನ ಹೆಸರ ಕೆಡಿಸ್ತು. ಈಗ ನನ್ನ ಎಮ್ಮಿ ಸಗಣಿ ಅದನ್ನ ಸಾರಿಸಿ ಹಸನ ಮಾಡ್ತೈತಿ ನೋಡ," ಎಂದು ಬುಟ್ಟಿ ಇಳಿಸಿದರು. ಫರ್ಜಾನಾ ಎಂಬ ಹೊಸ ಸೊಸೆಯೊಬ್ಬಳು ಮದುವೆಯ ಮೆಹೆಂದಿ ಮಾಸದ ಕೈಯನ್ನೇ ಬಗ್ಗಡಕ್ಕೆ ಅದ್ದಿದಳು. ಎರಡೂ ಗೋಲುಗಳ ಮುಂದೆ ಹೆಂಗಸರು ಸಾಲಾಗಿ ಹಿಂದಕ್ಕೆ ಸರಿಯುತ್ತ, ಅರ್ಧಚಂದ್ರ ಅರ್ಧಚಂದ್ರವಾಗಿ ಕೈಯಾಡಿಸುತ್ತ ಸಾರಿಸಿದರು. ಒಣಗಿದ ಮೇಲೆ ಮತ್ತೆ ಸಾರಿಸಿದರು. ನವಿಲುಗಳು ಬಂದು ಕೆದರಿ ನೋಡಿದವು. ಉಗುರು ಇಳಿಯಲಿಲ್ಲ. ಅವಕ್ಕಾಗಿ ಯಂಕವ್ವ ಗೋಡೆಯ ಬುಡದಲ್ಲಿ ಬೂದಿ ಮಣ್ಣಿನ ಗುಡ್ಡೆ ಮಾಡಿ, ಉಳಿದ ಹಿಟ್ಟನ್ನು ಅಲ್ಲಿಗೆ ಚೆಲ್ಲತೊಡಗಿದ್ದು ಆಗಲೇ. ಡಿ ತಿಂದ ಬಾಯಿಗೆ ಬೇರೆ ಕಡೆ ತಟ್ಟೆ ಹಾಕಿದಂತಾಯಿತು.

ನೆಲ ಸಿದ್ಧವಾಯಿತು. ಹುಡುಗರು ಬೂಟು ಕಟ್ಟಿಕೊಂಡು ಅಭ್ಯಾಸಕ್ಕೆ ಬಂದರು. ಯಂಕವ್ವ ಪೊರಕೆ ಅಡ್ಡ ಹಿಡಿದರು.

"ಕಣದಾಗ ಚಪ್ಪಲಿ ಬ್ಯಾಡ್ರಿ."

"ಯವ್ವಾ, ಇವು ಚಪ್ಪಲಿ ಅಲ್ಲ, ಬೂಟು."

"ಅವಕ್ಕ ಮೊಳಿ ಬ್ಯಾರೆ ಅದಾವು. ಇನ್ನೂ ಕೆಟ್ಟವು. ಬಿಡ್ರಿ ಅಲ್ಲೇ."

ಫಕ್ರುಸಾಬರು ನಡುವೆ ಬಂದರು, ವಾದಿಸಿದರು, ಸೋತರು. ಕಡೆಗೆ ತಮ್ಮ ಚಪ್ಪಲಿಯನ್ನೂ ಕಳಚಿ ಬದಿಗಿಟ್ಟರು. ಪಂದ್ಯದ ದಿನದವರೆಗೆ ಕೋಟೆ ಸಂಘದ ಹುಡುಗರು ಬರಿಗಾಲಿನಲ್ಲೇ ಆಡಿದರು. ಇರ್ಫಾನ ಮೂಗು ಮುಚ್ಚಿಕೊಂಡು, "ಈ ಸಗಣಿ ಮ್ಯಾಲ ಡೈವ್ ಹೊಡಿಬೇಕೇನ?" ಎಂದಾಗ ಯಂಕವ್ವ, "ನಿಮ್ಮಜ್ಜಿ ಸಾರಿಸಿದ ನೆಲದ ಮ್ಯಾಲ ಹೊಳ್ಳಾಡಿ ಬೆಳದಾವ ನೀ. ಈಗೇನ ದೊಡ್ಡಸ್ತನ ಬಂತು?" ಎಂದರು. ಇರ್ಫಾನ ಡೈವ್ ಹೊಡೆದ.

ಪಂದ್ಯದ ಹಿಂದಿನ ದಿನ ಫಕ್ರುಸಾಬರು ಸವಣೂರಿಗೆ ಹೋಗಿ, ಮನೆಗಳಿಗೆ ಸುಣ್ಣ ಬಳಿಯುವವರ ಹತ್ತಿರ ಕೂತು, ಎರಡು ಚೀಲ ಅರಳಿದ ಸುಣ್ಣ ತಂದರು. ಈ ಸಲ ಯಂಕವ್ವ ಸಂಜೆ ಗೆರೆ ಹಾಕಲಿಲ್ಲ. ಬೆಳಗಿನ ಮೊದಲ ಬೆಳಕಿಗೆ ಶುರು ಮಾಡಿದರು. ನಡುವೆ ಗೂಟ ನೆಟ್ಟು, ಹಗ್ಗ ಕಟ್ಟಿ, ಹಗ್ಗದ ತುದಿ ಹಿಡಿದು ಸುತ್ತಿ ಬಂದು ವರ್ತುಲ ಮಾಡಿದರು. ಆ ಗೂಟವನ್ನು ಅವರು ಇವತ್ತಿಗೂ ಮೇಟಿ ಎನ್ನುತ್ತಾರೆ. ಅತ್ತ ಗೋಡೆಯ ಬುಡದಲ್ಲಿ ಮರಿಯಮಬಿ ಹಿಟ್ಟಿನ ಡಬ್ಬಿ ಹಿಡಿದು ನವಿಲುಗಳನ್ನು ಮಾತಿಗೆಳೆಯುತ್ತಿದ್ದರು.

ಹಾನಗಲ್ಲಿನವರು ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲಿದ್ದವರು. ಬಸ್ಸು ಮಾಡಿಕೊಂಡು ಬಂದಿದ್ದಾರೆ, ಹೊಸ ಅಂಗಿ ಹಾಕಿದ್ದಾರೆ, ಉದ್ದ ಮೊಳೆಯ ಬೂಟು ಕಟ್ಟಿದ್ದಾರೆ. ಅವರಲ್ಲೊಬ್ಬ ಗೋಲಿನ ಹತ್ತಿರ ಬಂದು ಮೂಗು ಹಿಂಡುತ್ತಾನೆ. "ಲೇ, ಇವ್ರು ಗೋಲಿ ಬದ್ಲಿ ಎಮ್ಮಿ ಕಟ್ಯಾರೇನೋ?"

ಇರ್ಫಾನ ಬಲೆಯ ಕೆಂಪು ಜಾಳಿಗೆ ಹಿಡಿದು ಜಗ್ಗಿ ನೋಡುತ್ತ ಹೇಳುತ್ತಾನೆ: "ಎಮ್ಮಿ ಹಾಯ್ತೈತಿ. ಹುಷಾರಾಗಿ ಬರ್ರಿ."

ರೆಫರಿ ಮೈದಾನವನ್ನು ಒಂದು ಸುತ್ತು ಹಾಕುತ್ತಾರೆ. ಶಿಗ್ಗಾವಿಯ ಪಂದ್ಯಕ್ಕೆ ಸೀಟಿ ಊದಿ ನಿಲ್ಲಿಸಿದವರು ಇವರೇ. ಬಗ್ಗಿ ಗೆರೆಯಿಂದ ಒಂದು ಚಿಟಿಕೆ ತೆಗೆದು ಬೆರಳಲ್ಲಿ ಉಜ್ಜಿ ನೋಡುತ್ತಾರೆ. ಯಂಕವ್ವ ಗೋಲಿನ ಹಿಂದೆ ನಿಂತು ಆ ಎರಡು ಬೆರಳುಗಳನ್ನೇ ದಿಟ್ಟಿಸುತ್ತಾರೆ. "ಸುಣ್ಣನ," ಎಂದು ರೆಫರಿ ತಮ್ಮಷ್ಟಕ್ಕೆ ಹೇಳಿಕೊಂಡು ಮುಂದೆ ನಡೆಯುತ್ತಾರೆ. ಸಂಘದ ಹೆಸರು ಲೀಗಿನಲ್ಲಿ ಉಳಿದದ್ದು ಆ ಕ್ಷಣದಲ್ಲಿ. ಆಟವಿನ್ನೂ ಶುರುವಾಗಿಲ್ಲ. ಯಂಕವ್ವನಿಗೆ ಅಳು ಬರುತ್ತದೆ. ಸೀನು ಬಂದವರಂತೆ ಮುಖ ತಿರುಗಿಸಿಕೊಳ್ಳುತ್ತಾರೆ.

ಆಮೇಲಿನದು ಯಾರೂ ಕೇಳಿಕೊಳ್ಳದೆ ಬಂದದ್ದು. ಸಾರಿಸಿದ ನೆಲದ ಮೇಲೆ ಉದ್ದ ಮೊಳೆಯ ಬೂಟು ನಿಲ್ಲುವುದಿಲ್ಲ. ಹಾನಗಲ್ಲಿನವರು ತಿರುಗಲು ಹೋಗಿ ಜಾರುತ್ತಾರೆ, ನಿಲ್ಲಲು ಹೋಗಿ ಜಾರುತ್ತಾರೆ. ಬಂಕಾಪುರದವರು ಪಂದ್ಯದ ನಿಯಮಕ್ಕೆಂದು ಮೊಳೆಯಿಲ್ಲದ ಕ್ಯಾನ್ವಾಸ್ ಬೂಟು ಹಾಕಿದ್ದಾರೆ. ಬರಿಗಾಲಿನಲ್ಲಿ ಆಡಿ ಆಡಿ ಈ ನೆಲದಲ್ಲಿ ಚೆಂಡು ಎಷ್ಟು ಜೋರು ಓಡುತ್ತದೆಂದು ಅವರ ಕಾಲಿಗೆ ತಿಳಿದಿದೆ. "ಇದಕ್ಕಂತನ ಬೂಟ ಬಿಡಿಸಿದ್ರೇನ್ರಿ?" ಎಂದು ಆಮೇಲೆ ಎಷ್ಟೋ ಜನ ಕೇಳಿದ್ದಾರೆ. ಯಂಕವ್ವನ ಉತ್ತರ ಒಂದೇ: "ಇಲ್ರಿ. ಕಣದಾಗ ಮೆಟ್ಟಿನ್ಯಾಗ ಬರಬಾರದಂತ ಬಿಡಿಸಿದ್ನಿ. ಚೆಂಡಿನ ವಿಚಾರ ನನಗೇನ ಗೊತ್ರಿ."

ಎರಡನೇ ಅರ್ಧದಲ್ಲಿ ಸುನೀಲ ಎಂಬ ಮುಂಚೂಣಿ ಆಟಗಾರನಿಗೆ ಉದ್ದನೆಯ ಪಾಸೊಂದು ಬರುತ್ತದೆ. ಹಾನಗಲ್ಲಿನ ರಕ್ಷಕ ಚೆಂಡು ಪುಟಿದು ನಿಧಾನವಾಗುತ್ತದೆಂದು ಕಾಯುತ್ತಾನೆ. ಕಣದ ಮೇಲೆ ಯಾವುದೂ ನಿಧಾನವಾಗುವುದಿಲ್ಲ. ಚೆಂಡು ಅವನ ಪಕ್ಕದಿಂದ ಸರ್ರನೆ ಜಾರುತ್ತದೆ, ಸುನೀಲ ಅದರ ಹಿಂದೆಯೇ ಇದ್ದಾನೆ, ಉಳ್ಳಾಗಡ್ಡಿ ಚೀಲದ ಬಲೆ ಮೊದಲ ಸಲ ಉಬ್ಬುತ್ತದೆ. ಈ ವರ್ಷ ನಮ್ಮ ಅಂಗಿಯವರು ಕುಣಿದದ್ದು ಆಗ.

ಇನ್ನೇನು ಮುಗಿಯಿತು ಎನ್ನುವಾಗ ಹಾನಗಲ್ಲಿನ ಒಬ್ಬ ದೂರದಿಂದ ಬಲವಾಗಿ ಹೊಡೆಯುತ್ತಾನೆ. ಇರ್ಫಾನ ಹಾರುತ್ತಾನೆ, ಸಿಗುವುದಿಲ್ಲ. ಚೆಂಡು ಮೇಲಿನ ಅಡ್ಡಗಂಬಕ್ಕೆ ಬಡಿದು ನೇರ ಕೆಳಗೆ ಬಿದ್ದು ಹೊರಗೆ ಪುಟಿಯುತ್ತದೆ. ಇರ್ಫಾನ ಅದರ ಮೇಲೆ ಬೀಳುತ್ತಾನೆ. "ಗೋಲ್! ಗೋಲ್!" ಎಂದು ಹಾನಗಲ್ಲಿನವರು ಕೈ ಎತ್ತುತ್ತಾರೆ. "ಇಲ್ಲ ಇಲ್ಲ!" ಎಂದು ಬಂಕಾಪುರ ಕಿರುಚುತ್ತದೆ. ಚೆಂಡು ಪೂರ್ತಿಯಾಗಿ ಗೆರೆ ದಾಟಿದರೆ ಮಾತ್ರ ಗೋಲು. ದಾಟಿತೇ?

ರೆಫರಿ ಓಡಿ ಬರುತ್ತಾರೆ. ಮೈದಾನವೆಲ್ಲ ಅವರ ಮುಖ ನೋಡುತ್ತದೆ. ಯಂಕವ್ವ ಒಬ್ಬರೇ ನೆಲ ನೋಡುತ್ತಾರೆ. ಎರಡು ಕಂಬಗಳ ನಡುವೆ, ಕಂದು ನೆಲದ ಮೇಲೆ ಬೆಳ್ಳಗೆ ಎದ್ದು ಕಾಣುವ ಗೆರೆ. ಅದರ ನಟ್ಟ ನಡುವೆ ಬಟ್ಟಲಿನಷ್ಟು ಅಗಲಕ್ಕೆ ಸುಣ್ಣ ಕೆದರಿ ನೆಲ ಕಾಣಿಸುತ್ತಿದೆ. ರೆಫರಿ ಇರ್ಫಾನನ ಕೈಯಿಂದ ಚೆಂಡು ಇಸಿದುಕೊಂಡು ತಿರುಗಿಸಿ ನೋಡುತ್ತಾರೆ. ಚೆಂಡಿನ ಹೊಟ್ಟೆಗೆ ಬಿಳಿಯ ಕಲೆ. ಗೆರೆಯ ಮೇಲೆಯೇ ಬಿದ್ದಿದೆ. ದಾಟಿಲ್ಲ. ಅವರು ಕೈ ಅಡ್ಡ ಆಡಿಸಿ ಆಟ ಮುಂದುವರಿಸುತ್ತಾರೆ, ಸ್ವಲ್ಪ ಹೊತ್ತಿಗೆ ಕೊನೆಯ ಸೀಟಿ ಊದುತ್ತಾರೆ.

ಹನ್ನೊಂದು ಜನ ಗೋಲಿನ ಹಿಂದೆ ನಿಂತ ಹೆಂಗಸಿನ ಕಡೆಗೆ ಓಡಿ ಬರುತ್ತಾರೆ. ಯಂಕವ್ವ ಎರಡೂ ಕೈ ಎತ್ತಿ ಕೂಗುತ್ತಾರೆ. ಸಂತೋಷಕ್ಕಲ್ಲ.

"ಗೆರಿ ತುಳೀಬ್ಯಾಡ್ರೋ!"

ಹನ್ನೊಂದು ಜನವೂ ಒಬ್ಬರ ಹಿಂದೊಬ್ಬರು ಗೆರೆಯನ್ನು ಹಾರಿ ದಾಟುತ್ತಾರೆ. ಇರ್ಫಾನನಂತೂ ಸೀರೆ ಉಟ್ಟವನಂತೆ ಇಲ್ಲದ ನೆರಿಗೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ದಾಟುತ್ತಾನೆ. ಜನ ಹೊಟ್ಟೆ ಹಿಡಿದು ನಗುತ್ತಾರೆ. ಈ ನಗೆ ಆ ಹಿಟ್ಟಿನ ದಿನದ ನಗೆಯಲ್ಲ.

ಅವತ್ತು ಸಂಜೆ ಯಂಕವ್ವ ಪೇಟೆಯ ದಾರಿಯಿಂದಲೇ ಮನೆಗೆ ಹೋದರು.

ಈಗ ಬಿಸಿಲು ಕೋಟೆಗೋಡೆಯನ್ನು ದಾಟಿ ಮೈದಾನಕ್ಕೆ ಇಳಿಯುತ್ತಿದೆ. ನವಿಲುಗಳ ಸ್ನಾನ ಮುಗಿದಿದೆ. ಅಧ್ಯಕ್ಷರು ತಿರುಗಿ ಬಂದಿಲ್ಲ, ಹೊಸ ತರಬೇತುದಾರ ಸಿಕ್ಕಿಲ್ಲ. ಸೀಟಿನ ಅಂಗಡಿಯಲ್ಲಿ ಕೂಡುವ ಸಭೆಯಲ್ಲಿ ಇನ್ನೂ ಜರ್ಸಿಯ ಬಣ್ಣದ ಚರ್ಚೆಯೇ ನಡೆದಿದೆ. ಮುಂದಿನ ವರ್ಷ ಹೆಣ್ಣುಮಕ್ಕಳ ತಂಡವೂ ಬೇಕೆಂದು ಫರ್ಜಾನಾ ಮತ್ತು ಓಣಿಯ ಹುಡುಗಿಯರು ಫಕ್ರುಸಾಬರ ಬೆನ್ನು ಹತ್ತಿದ್ದಾರೆ. ಏನು ಬೇಕು ನಿಮಗೆ ಎಂದರೆ ಯಂಕವ್ವ ಪೊರಕೆ ನಿಲ್ಲಿಸಿ ಯೋಚಿಸುತ್ತಾರೆ. "ಸುಣ್ಣ ಮೊದಲ ತಂದ ಇಡ್ರಿ ಅಂದೇನಿ. ಮತ್ತ ಮುಂದಿನ ವರ್ಷದ ಮೊದಲನೇ ಮ್ಯಾಚ್ ಇಲ್ಲೇ ಆಗ್ಲಿ. ಬ್ಯಾರೆದವ್ರ ಗೆರಿ ಒಳಗ ನಮ್ಮ ಹುಡುಗೂರು ಸೋತ ಬರೋದು ಬ್ಯಾಡ್ರಿ."

ರಸ್ತೆಯಲ್ಲಿ ಬೈಕೊಂದು ನಿಧಾನವಾಗುತ್ತದೆ. ಉಪ್ಪು ಹಾಕೆಂದು ಕೂಗಿದ್ದ ಅದೇ ಕಿರಾಣಿ ಅಂಗಡಿಯವನು.

"ಯಂಕವ್ವಾ! ಗೆದ್ರೂ ನಿಮ್ಮ ಕ್ಲಬ್ ಕಡೀ ನಂಬರಂತಲ್ಲ?"

ಯಂಕವ್ವ ಗೆರೆ ಇದ್ದ ಜಾಗವನ್ನು ದಾಟಿ, ಆಚೆ ನಿಂತು, ತಲೆ ಎತ್ತದೆ ಗುಡಿಸುತ್ತಲೇ ಹೇಳುತ್ತಾರೆ:

"ಕಡೀಕ ಐತಿ. ಆದ್ರ ಐತಿ."